ಲೆಕ್ಕಕ್ಕೆ ಸಿಕ್ಕದ ಆಟ

ಕನ್ನಡದಲ್ಲಿ ‘ಆಡು’ ಎಂಬ ಧಾತುವಿನ ವ್ಯಾಪ್ತಿ ಬಹು ದೊಡ್ಡದು. ಮಕ್ಕಳು ಅಂಗಳದಲ್ಲಿ ಆಡುತ್ತವೆ. ಹಿರಿಯರು ಕಟ್ಟೆಯ ಮೇಲೆ ಕುಳಿತು ಮಾತನಾಡುತ್ತಾರೆ. ಗಾಳಿಗೆ ಜೋಳದ ತೆನೆ ತೂಗಾಡುತ್ತದೆ. ಇವೆಲ್ಲಕ್ಕಿಂತಲೂ ಹಿತವಾದ ರೂಪ ‘ಒಡನಾಡು’ ಎಂಬುದು. ಬಾಲ್ಯದಲ್ಲಿ ಯಾರೊಡನೆ ಆಡಿ ಬೆಳೆದೆವೋ ಅವನು ಒಡನಾಡಿ. ಅವನ ಸಂಗಡ ಬೆಳೆದ ಸ್ನೇಹ ಒಡನಾಟ. ಹೀಗೆ ಸ್ನೇಹಕ್ಕೂ ಆಟಕ್ಕೂ ನಮ್ಮ ನುಡಿಯೇ ಬೆಸುಗೆ ಹಾಕಿಟ್ಟಿದೆ. ಈ ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಂಡು, ಇಂದಿನ ತರುಣರಲ್ಲಿ ಪ್ರಚುರವಾಗಿರುವ ಒಂದು ಹೊಸ ವಿನೋದವನ್ನು ಕುರಿತು ಈ ಸ್ಮರಣ ಸಂಚಿಕೆಯ ವಾಚಕರಲ್ಲಿ ನಾಲ್ಕು ಮಾತು ನಿವೇದಿಸಬೇಕೆಂದಿದ್ದೇನೆ.

ಆ ವಿನೋದದ ಹೆಸರು ‘ಫ್ಯಾಂಟಸಿ ಲೀಗ್’. ಕಲ್ಪನೆಯ ಪಂದ್ಯಾವಳಿ ಎಂದು ಅದನ್ನು ಕನ್ನಡಿಸಬಹುದು. ಕೇಳರಿಯದ ಹಿರಿಯರಿಗಾಗಿ ಅದರ ಕ್ರಮವನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ಎಂಬ ಫುಟ್ಬಾಲ್ ಪಂದ್ಯಾವಳಿಯಲ್ಲಿ 20 ತಂಡಗಳು ಆಗಸ್ಟ್ ತಿಂಗಳಿನಿಂದ ಮೇ ತಿಂಗಳವರೆಗೆ ತಲಾ 38 ಪಂದ್ಯಗಳನ್ನು ಆಡುತ್ತವೆ. ಆ ತಂಡಗಳ ಪ್ರತಿಯೊಬ್ಬ ಆಟಗಾರನಿಗೂ ಒಂದು ಬೆಲೆ ಕಟ್ಟಲಾಗಿರುತ್ತದೆ. ಕಲ್ಪನೆಯ ಆಟಕ್ಕೆ ಸೇರುವವನ ಕೈಯಲ್ಲಿ ಕಲ್ಪನೆಯದೇ ಆದ ಹತ್ತು ಕೋಟಿ ಪೌಂಡುಗಳಿರುತ್ತವೆ. ಅದರೊಳಗೆ ಅವನು 15 ಆಟಗಾರರನ್ನು ಆರಿಸಿಕೊಳ್ಳಬೇಕು. ಒಂದೇ ಕ್ಲಬ್ಬಿನಿಂದ ಮೂವರಿಗಿಂತ ಹೆಚ್ಚು ಮಂದಿ ಸಲ್ಲದು. ವಾರವಾರವೂ ಆ ಆಟಗಾರರು ನಿಜವಾದ ಮೈದಾನದಲ್ಲಿ ಏನು ಮಾಡಿದರೋ ಅದಕ್ಕೆ ತಕ್ಕಂತೆ ಇವನಿಗೆ ಅಂಕಗಳು ಬರುತ್ತವೆ. ಮುಂಪಡೆಯವನು ಗೋಲು ಹೊಡೆದರೆ 4, ನಡುವಿನವನು ಹೊಡೆದರೆ 5, ರಕ್ಷಕನು ಹೊಡೆದರೆ 6. ಹಳದಿ ಚೀಟಿ ಕಂಡವನಿಗೆ ಒಂದು ಅಂಕ ಕಡಿತ. ನಾಯಕನೆಂದು ಗುರುತಿಸಿದವನ ಅಂಕ ಇಮ್ಮಡಿ. ಋತುವಿನ ಕೊನೆಗೆ ಯಾರ ಮೊತ್ತ ಹೆಚ್ಚೋ ಅವನು ಗೆದ್ದಂತೆ. 1980ರಲ್ಲಿ ಅಮೆರಿಕದ ಲೇಖಕ ಡೇನಿಯಲ್ ಒಕ್ರೆಂಟ್ ಮತ್ತು ಆತನ ಮಿತ್ರರು ಬೇಸ್‌ಬಾಲ್ ಆಟಕ್ಕೆ ಇಂಥದೊಂದು ಕ್ರಮವನ್ನು ಹಾಕಿಕೊಂಡು, ತಾವು ಸೇರುತ್ತಿದ್ದ ನ್ಯೂಯಾರ್ಕಿನ ಭೋಜನಗೃಹದ ಹೆಸರನ್ನೇ ಅದಕ್ಕಿಟ್ಟರು. ಪ್ರೀಮಿಯರ್ ಲೀಗಿನವರು ತಮ್ಮ ಫುಟ್ಬಾಲಿಗೆ ಇದನ್ನು 2002–03ರ ಋತುವಿನಿಂದ ನಡೆಸುತ್ತಿದ್ದಾರೆ. ಅದಕ್ಕೆ ಹಣ ಕಟ್ಟಬೇಕಾಗಿಲ್ಲ.

ಇಷ್ಟು ದೂರದ ಸುದ್ದಿ ಆಳಂದ, ಅಫಜಲಪುರ, ಜೇವರ್ಗಿಗಳ ಶಾಲಾ ಸಂಚಿಕೆಗೇಕೆ ಎಂದು ಪ್ರಾಜ್ಞರು ಕೇಳಬಹುದು. ಈ ತಾಲೂಕುಗಳಿಂದ ಹೊರಟು ಬೆಂಗಳೂರು, ಪುಣೆ, ಹೈದರಾಬಾದುಗಳಲ್ಲಿ ಉದ್ಯೋಗದಲ್ಲಿರುವ ನಮ್ಮ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರು ಈ ಲೀಗನ್ನು ಆಡುತ್ತಾರೆ. ಕ್ರಿಕೆಟ್ ಮತ್ತು ಕಬಡ್ಡಿಗಳ ಕಲ್ಪನಾ ತಂಡಗಳನ್ನು ಕಟ್ಟುವವರು ಅವರಿಗಿಂತಲೂ ಅಧಿಕ. ಊರಲ್ಲೇ ಉಳಿದ ಹುಡುಗರೂ ಅದರಲ್ಲಿದ್ದಾರೆ. ಹಬ್ಬಕ್ಕೆ ಊರಿಗೆ ಬಂದಾಗ ಇವರ ಮಾತು ಕಿವಿಗೆ ಬೀಳುತ್ತದೆ. ಯಾವ ಆಟಗಾರನ ಮೊಣಕಾಲು ನೋಯುತ್ತಿದೆ, ಯಾರ ಬೆಲೆ ಏರಿದೆ ಎಂಬುದು ಅವರಿಗೆ ಕಂಠಪಾಠ. ಸ್ವಲ್ಪ ವಯಸ್ಸಾದವರು ಬಾಸ್ಕೆಟ್‌ಬಾಲಿನ ಮಹಾರಥಿಗಳ ಸ್ಮರಣೆಗೆ ಹೊರಳುತ್ತಾರೆ. 1990ರ ದಶಕದಲ್ಲಿ ದೂರದರ್ಶನದ ಪರದೆಯ ಮೇಲೆ ಮೈಕೆಲ್ ಜೋರ್ಡನ್ನನು ಗಾಳಿಯಲ್ಲಿ ಜಿಗಿದದ್ದನ್ನು ಕಂಡ ತಲೆಮಾರು ಅದು. 1992ರ ಬಾರ್ಸಿಲೋನಾ ಒಲಿಂಪಿಕ್ಸಿನಲ್ಲಿ ಜೋರ್ಡನ್, ಮ್ಯಾಜಿಕ್ ಜಾನ್ಸನ್, ಲ್ಯಾರಿ ಬರ್ಡ್ ಮೂವರೂ ಒಂದೇ ತಂಡದಲ್ಲಿ ಆಡಿದ್ದನ್ನು ಅವರು ಪುರಾಣದಂತೆ ವರ್ಣಿಸುತ್ತಾರೆ.

ಕಲ್ಪನೆಯನ್ನು ಹಳಿಯುವುದು ಕನ್ನಡ ಪಂಡಿತನಾದವನಿಗೆ ಶೋಭಿಸದು. ಹತ್ತನೆಯ ಶತಮಾನದಲ್ಲಿ ಪಂಪನು ತನ್ನ ಒಡೆಯನಾದ ಅರಿಕೇಸರಿಯನ್ನು ಅರ್ಜುನನಲ್ಲಿ ಅಭೇದವಾಗಿ ಕಂಡು ಭಾರತದ ಕಥೆಯನ್ನೇ ಹೊಸದಾಗಿ ಹೂಡಿದನು. ಬದುಕಿದ್ದವನೊಬ್ಬನನ್ನು ಪುರಾಣದ ಪಡೆಗೆ ಸೇರಿಸಿದ್ದು ಕಲ್ಪನೆಯಲ್ಲದೆ ಮತ್ತೇನು? ಆಟವನ್ನು ನೋಡುವುದೂ ಹೀನವಾದ ಹವ್ಯಾಸವಲ್ಲ. ನಮ್ಮ ನೆರೆಯ ಕಲ್ಯಾಣದಲ್ಲಿ ಹನ್ನೆರಡನೆಯ ಶತಮಾನದಲ್ಲಿ ಆಳಿದ ಮೂರನೆಯ ಸೋಮೇಶ್ವರನು ತನ್ನ ‘ಮಾನಸೋಲ್ಲಾಸ’ದಲ್ಲಿ ಮಲ್ಲಯುದ್ಧವನ್ನೂ ಕುದುರೆಯೇರಿ ಆಡುವ ಚೆಂಡಾಟವನ್ನೂ ಅರಸನು ಸವಿಯಬೇಕಾದ ವಿನೋದಗಳೆಂದು ಸವಿಸ್ತಾರವಾಗಿ ನಿರೂಪಿಸಿದ್ದಾನೆ. ಮೇಲಾಗಿ, ಮೂರು ಊರುಗಳಲ್ಲಿ ಹಂಚಿಹೋದ ಒಂದೇ ತರಗತಿಯ ಹತ್ತು ಮಂದಿ ಗೆಳೆಯರು ವಾರಕ್ಕೊಮ್ಮೆ ಈ ನೆಪದಲ್ಲಿ ಪರಸ್ಪರ ಕೆಣಕಿ, ನಕ್ಕು, ಯೋಗಕ್ಷೇಮ ವಿಚಾರಿಸುವರೆಂದರೆ ಅದೂ ಒಂದು ಒಡನಾಟವೇ. ಅದನ್ನು ಅಲ್ಲಗಳೆಯುವ ಕಠೋರತೆ ನನಗೆ ಬೇಡ.

ನನ್ನ ಆಕ್ಷೇಪ ಬೇರೆಯದು. ಈ ವಿನೋದದಲ್ಲಿ ಮುಳುಗಿದವನು ಕ್ರಮೇಣ ಆಟವನ್ನು ನೋಡುವುದನ್ನು ಬಿಟ್ಟು ಲೆಕ್ಕವನ್ನು ನೋಡತೊಡಗುತ್ತಾನೆ. ತನ್ನ ಪಟ್ಟಿಯಲ್ಲಿರುವ ಆಟಗಾರ ಗೋಲು ಹೊಡೆದರೆ ಹಿಗ್ಗು. ಅದಕ್ಕಿಂತ ಸೊಗಸಾದ ಗೋಲನ್ನು ಪಟ್ಟಿಯಲ್ಲಿಲ್ಲದವನು ಹೊಡೆದರೆ ಅಳಲು. ಕಾವ್ಯವನ್ನು ಓದುವಾಗ ಅಕ್ಷರಗಳನ್ನು ಎಣಿಸುತ್ತ ಕುಳಿತವನಿಗೆ ಛಂದಸ್ಸು ದಕ್ಕಬಹುದು, ರಸ ದಕ್ಕಲಾರದು. ಆಟದಲ್ಲಿಯೂ ಎಣಿಕೆಗೆ ಸಿಗುವ ಅಂಶವೊಂದಿದೆ, ಸಿಗದ ಅಂಶವೊಂದಿದೆ. ಎಣಿಕೆಗೆ ಸಿಗುವುದೇ ಸರ್ವಸ್ವವೆಂದು ಬಗೆದ ಕಣ್ಣಿಗೆ ಉಳಿದದ್ದು ಕಾಣದೆ ಹೋಗುತ್ತದೆ.

ಈ ಮಾತಿಗೆ ಬಾಸ್ಕೆಟ್‌ಬಾಲಿನ ಚರಿತ್ರೆಯೇ ಸಾಕ್ಷಿ. 1962ರ ಮಾರ್ಚ್ 2ರಂದು ಅಮೆರಿಕದ ಹರ್ಷಿ ಎಂಬ ಊರಿನಲ್ಲಿ ವಿಲ್ಟ್ ಚೇಂಬರ್ಲಿನ್ ಎಂಬ ಆಟಗಾರ ಒಂದೇ ಪಂದ್ಯದಲ್ಲಿ 100 ಅಂಕ ಗಳಿಸಿದನು. ಆ ವೃತ್ತಿಪರ ಲೀಗಿನಲ್ಲಿ ಅದನ್ನು ಇದುವರೆಗೆ ಯಾರೂ ಮೀರಿಲ್ಲ. ಆ ಋತುವಿನಲ್ಲಿ ಅವನ ಸರಾಸರಿ ಪಂದ್ಯವೊಂದಕ್ಕೆ 50 ಅಂಕಗಳಿಗೂ ಮಿಗಿಲು. ಕಲ್ಪನೆಯ ಲೀಗು ಆಗ ಇದ್ದಿದ್ದರೆ ಚೇಂಬರ್ಲಿನ್ನನನ್ನು ಬಿಟ್ಟು ಬೇರೆಯವರನ್ನು ನಾಯಕನನ್ನಾಗಿ ಆರಿಸುವ ಮೂಢನು ಇರುತ್ತಿರಲಿಲ್ಲ. ಆದರೆ ಅದೇ ಋತುವಿನ ಅತ್ಯುತ್ತಮ ಆಟಗಾರನನ್ನು ಆರಿಸುವ ಅಧಿಕಾರ ಆಟಗಾರರ ಕೈಯಲ್ಲಿತ್ತು. ಅವರು ಆರಿಸಿದ್ದು ಬಾಸ್ಟನ್ ತಂಡದ ಬಿಲ್ ರಸೆಲ್ಲನನ್ನು. ಆ ವರ್ಷದ ಪ್ರಶಸ್ತಿಯೂ ಬಾಸ್ಟನ್ನಿಗೇ ಸಂದಿತು. ಅಂಗಳದಲ್ಲಿ ಎದುರುಬದುರಾಗಿ ನಿಂತು ಬೆವರು ಸುರಿಸಿದವರಿಗೆ ಪುಸ್ತಕದಲ್ಲಿ ಕಾಣದ ಯಾವುದೋ ಒಂದು ಗುಣ ರಸೆಲ್ಲನಲ್ಲಿ ಕಂಡಿತ್ತು.

ಆ ಗುಣವೇನು? ಎದುರಾಳಿ ಬುಟ್ಟಿಯತ್ತ ಎಸೆದ ಚೆಂಡನ್ನು ನಡುಗಾಳಿಯಲ್ಲಿ ತಡೆಯುವುದರಲ್ಲಿ ಅವನು ಅದ್ವಿತೀಯನಾಗಿದ್ದನು. ತಡೆದ ಚೆಂಡನ್ನು ಅಬ್ಬರದಿಂದ ಅಂಗಳದ ಆಚೆಗೆ ಬಡಿಯದೆ ತನ್ನ ಒಡನಾಡಿಯ ಕೈಗೆ ಸೇರುವಂತೆ ಮೆಲ್ಲನೆ ತಟ್ಟುತ್ತಿದ್ದನು. 13 ಋತುಗಳಲ್ಲಿ ಅವನ ತಂಡ 11 ಬಾರಿ ಪ್ರಶಸ್ತಿ ಗೆದ್ದಿತು. ಇಷ್ಟಾದರೂ ಅವನು ಎಷ್ಟು ಚೆಂಡುಗಳನ್ನು ತಡೆದನೆಂಬುದಕ್ಕೆ ಅಧಿಕೃತ ದಾಖಲೆಯೇ ಇಲ್ಲ! ಚೆಂಡು ತಡೆದದ್ದನ್ನು ಲೆಕ್ಕವಿಡುವ ಪದ್ಧತಿ ಆ ಲೀಗಿನಲ್ಲಿ ಬಂದದ್ದು 1973–74ರ ಋತುವಿನಲ್ಲಿ. ರಸೆಲ್ ನಿವೃತ್ತನಾದದ್ದು 1969ರಲ್ಲಿ. ಒಬ್ಬ ಮಹಾ ಆಟಗಾರನ ಪ್ರಧಾನವಾದ ವಿದ್ಯೆಯೇ ಲೆಕ್ಕದ ಪುಸ್ತಕದಿಂದ ಹೊರಗುಳಿಯಿತು. ಇಂಗ್ಲೆಂಡಿನ ಕಲ್ಪನಾ ಲೀಗಿನವರೂ 2025–26ರ ಋತುವಿನಿಂದ ಚೆಂಡನ್ನು ತಡೆದು ಕಸಿದುಕೊಳ್ಳುವ ಕೆಲಸಕ್ಕೆ ಅಂಕ ಕೊಡತೊಡಗಿದ್ದಾರೆ. ಲೆಕ್ಕಿಗರು ತಮ್ಮ ಲೆಕ್ಕ ಅಪೂರ್ಣವೆಂದು ತಾವೇ ಒಪ್ಪುತ್ತ ಬಂದಿದ್ದಾರೆಂಬುದಕ್ಕೆ ಇದಕ್ಕಿಂತ ಪ್ರಮಾಣ ಬೇಕೆ?

ಇದು ಪರದೇಶದ ಮಾತಾಯಿತು. ನಮ್ಮ ಹುತುತು ಆಟವನ್ನೇ ನೋಡಿರಿ. ದಾಳಿಗೆ ಬಂದವನ ಕಾಲನ್ನು ಹಿಡಿದು ಕೆಡವಿದವನ ಹೆಸರಿಗೆ ಹಿಡಿತದ ಅಂಕ ಬರೆಯಲ್ಪಡುತ್ತದೆ. ಅವನು ಧೈರ್ಯವಾಗಿ ಮುನ್ನುಗ್ಗಲು ಕಾರಣರಾದ, ಕೈಗೆ ಕೈ ಸೇರಿಸಿ ಸರಪಳಿಯಾಗಿ ಹಿಂದೆ ನಿಂತವರ ಹೆಸರು ಎಲ್ಲಿಯೂ ಇಲ್ಲ. ಜಾತ್ರೆಯ ಕುಸ್ತಿಕಣಕ್ಕೆ ಹೋಗಿರಿ. ತೆಂಗಿನಕಾಯಿಗಾಗಿ ಹಿಡಿಯುವ ಹುಡುಗರ ಕುಸ್ತಿಯಿಂದ ಹಿಡಿದು ಬೆಳ್ಳಿ ಕಡಗದ ಕೊನೆಯ ಕುಸ್ತಿಯವರೆಗೆ ಎಲ್ಲವನ್ನೂ ಕಂಡ ವೃದ್ಧರು ಹತ್ತಾರು ವರ್ಷಗಳ ತರುವಾಯವೂ ಸ್ಮರಿಸುವುದು ಕಡಗಗಳ ಸಂಖ್ಯೆಯನ್ನಲ್ಲ. ಕೆಡವಿದವನನ್ನು ತಾನೇ ಎಬ್ಬಿಸಿ, ಬೆನ್ನಿನ ಮಣ್ಣು ಒರೆಸಿದ ಪೈಲವಾನನನ್ನು. ಕುರುಕ್ಷೇತ್ರದಲ್ಲಿ ಆಯುಧ ಹಿಡಿಯೆನೆಂದು ನಿಂತ ಶ್ರೀಕೃಷ್ಣನಿಗೆ ಅಂಕ ಕೊಡಹೊರಟರೆ ಬರುವುದು ಸೊನ್ನೆ. ಪಂಪನು ಅರ್ಜುನನನ್ನು ನಾಯಕನಾಗಿರಿಸಿಕೊಂಡೂ ಸೋತ ಕರ್ಣನಿಗೆ ತನ್ನ ಹೃದಯದ ಗೌರವವನ್ನು ಎತ್ತಿಟ್ಟನಲ್ಲವೆ? ಸ್ಮರಣೆಯ ನ್ಯಾಯವೇ ಬೇರೆ.

ಈ ಸ್ಮರಣೆಯ ನ್ಯಾಯಕ್ಕೆ ನಮ್ಮ ಪ್ರಾಂತಕ್ಕೆ ಹತ್ತಿರದ ನಿದರ್ಶನವೊಂದಿದೆ. ಅಧ್ಯಾಪಕ ಬಂಧುಗಳು ವಿಶೇಷವಾಗಿ ಗಮನಿಸಬೇಕಾದದ್ದು. ನಮ್ಮ ಜಿಲ್ಲೆ 1956ರ ಅಕ್ಟೋಬರ್ ಕೊನೆಯವರೆಗೆ ಹೈದರಾಬಾದ್ ರಾಜ್ಯದಲ್ಲಿತ್ತು. ಆ ಕಾಲದಲ್ಲಿ ಹೈದರಾಬಾದ್ ಭಾರತದ ಫುಟ್ಬಾಲಿನ ಹಿರಿಯ ಕೇಂದ್ರಗಳಲ್ಲೊಂದು. ಅಲ್ಲಿಯ ನಗರ ಪೊಲೀಸ್ ತಂಡ 1950ರಿಂದ 1954ರವರೆಗೆ ಸತತವಾಗಿ ಐದು ವರ್ಷ ಮುಂಬಯಿಯ ರೋವರ್ಸ್ ಕಪ್ಪನ್ನು ಗೆದ್ದಿತು. ಅದರ ಹಿಂದಿದ್ದವರು ಸೈಯದ್ ಅಬ್ದುಲ್ ರಹೀಂ ಅವರು. ಶಾಲಾ ಮಾಸ್ತರಿಕೆಯಿಂದ ಬಂದವರು. ಅವರು ಎಳೆಯರಿಗಾಗಿ ಏರ್ಪಡಿಸುತ್ತಿದ್ದ ಪಂದ್ಯಗಳಲ್ಲಿ ಒಂದು ವಿಶಿಷ್ಟ ಕಟ್ಟಳೆಯಿತ್ತು. ಚೆಂಡನ್ನು ಒಬ್ಬನೇ ಕಾಲಲ್ಲಿ ಆಡಿಸುತ್ತ ಕೊಂಡೊಯ್ಯಕೂಡದು. ಒಡನೆಯೇ ಸಂಗಾತಿಗೆ ದಾಟಿಸಬೇಕು. ಒಡನಾಟವೆಂಬುದನ್ನು ಅವರು ಆಟದ ನಿಯಮವನ್ನಾಗಿಯೇ ಮಾಡಿಬಿಟ್ಟರು.

ಅವರ ಮಾರ್ಗದರ್ಶನದಲ್ಲಿ ಭಾರತ 1951ರಲ್ಲಿ ದಿಲ್ಲಿಯಲ್ಲಿಯೂ 1962ರಲ್ಲಿ ಜಕಾರ್ತಾದಲ್ಲಿಯೂ ಏಷ್ಯನ್ ಕ್ರೀಡಾಕೂಟದ ಸ್ವರ್ಣಪದಕ ಪಡೆಯಿತು. ನಮ್ಮ ಜಿಲ್ಲೆ ಕನ್ನಡ ರಾಜ್ಯವನ್ನು ಸೇರಿದ ಸರಿಯಾಗಿ ಒಂದು ತಿಂಗಳಿಗೆ, 1956ರ ಡಿಸೆಂಬರ್ 1ರಂದು, ಮೆಲ್ಬರ್ನ್ ಒಲಿಂಪಿಕ್ಸಿನಲ್ಲಿ ರಹೀಂ ಅವರ ತಂಡ ಆಸ್ಟ್ರೇಲಿಯವನ್ನು ಅದರ ನೆಲದಲ್ಲಿಯೇ 4–2ರಿಂದ ಮಣಿಸಿತು. ಮುಂಬಯಿಯ ನೆವಿಲ್ ಡಿಸೋಜಾ ಮೂರು ಗೋಲು ಹೊಡೆದರು. ಆ ತಂಡದಲ್ಲಿ ಹೈದರಾಬಾದಿನವರು ಅನೇಕರಿದ್ದರು. ಕೊನೆಗೆ ದೊರೆತದ್ದು ನಾಲ್ಕನೆಯ ಸ್ಥಾನ. ಒಲಿಂಪಿಕ್ಸ್ ಫುಟ್ಬಾಲಿನಲ್ಲಿ ಭಾರತಕ್ಕೆ ಅದಕ್ಕಿಂತ ಮೇಲಿನ ಸ್ಥಾನ ಮತ್ತೆಂದೂ ಲಭಿಸಿಲ್ಲ. ಜಕಾರ್ತಾಕ್ಕೆ ಹೋಗುವಾಗಲೇ ದೇಹ ರುಗ್ಣವಾಗಿದ್ದ ರಹೀಂ ಅವರು 1963ರ ಜೂನ್ ತಿಂಗಳಲ್ಲಿ ತೀರಿಕೊಂಡರು. ಅವರು ಗೋಲು ಹೊಡೆದವರಲ್ಲ, ಹೊಡೆಯುವವರನ್ನು ರೂಪಿಸಿದವರು. ಯಾವ ಪಟ್ಟಿಯಲ್ಲಿ ಅವರಿಗೆ ಎಷ್ಟು ಅಂಕ ಬರೆಯೋಣ?

ಬಾಸ್ಕೆಟ್‌ಬಾಲಿನ ಜನಕನೂ ಒಬ್ಬ ಶಿಕ್ಷಕನೇ ಎಂಬುದು ಇಲ್ಲಿ ಉಲ್ಲೇಖನೀಯ. 1891ರ ಡಿಸೆಂಬರಿನಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡಿನ ವ್ಯಾಯಾಮ ಶಿಕ್ಷಕ ಜೇಮ್ಸ್ ನೈಸ್ಮಿತ್ ಚಳಿಗಾಲದಲ್ಲಿ ಒಳಾಂಗಣದಲ್ಲಿ ಹುಡುಗರನ್ನು ಆಡಿಸಲೆಂದು ಮೇಲಿನ ಬಾಲ್ಕನಿಯ ಕಟಕಟೆಗೆ ಹಣ್ಣಿನ ಎರಡು ಬುಟ್ಟಿಗಳನ್ನು ಬಡಿದು, 13 ನಿಯಮಗಳನ್ನು ಬರೆದನು. ಜೋರ್ಡನ್ನನ ಜಿಗಿತವನ್ನು ಸ್ಮರಿಸಿ ಪುಲಕಿತರಾಗುವ ನಮ್ಮ ಹಳೆಯ ವಿದ್ಯಾರ್ಥಿಗಳು ಆ ಜಿಗಿತದ ಮೂಲದಲ್ಲಿ ತರಗತಿಯ ಹುಡುಗರನ್ನು ಹೇಗೆ ಆಡಿಸಲಿ ಎಂದು ಚಿಂತಿಸಿದ ಮಾಸ್ತರನೊಬ್ಬನಿದ್ದನೆಂಬುದನ್ನು ಮರೆಯದಿರಲಿ.

ಇನ್ನು ಹಣದ ಮಾತು. ಗೆಳೆಯರ ನಡುವಣ ವಿನೋದಕ್ಕೆ ದುಡ್ಡು ತಗುಲಿಕೊಂಡಾಗ ಅದರ ಸ್ವರೂಪವೇ ಬದಲಾಗುತ್ತದೆ. ನಮ್ಮ ದೇಶದಲ್ಲಿ ಹಣ ಕಟ್ಟಿ ಆಡುವ ಕಲ್ಪನಾ ಪಂದ್ಯಗಳು ಮೊಬೈಲಿನ ಮೂಲಕ ಹಳ್ಳಿಹಳ್ಳಿಗೂ ಹಬ್ಬಿದ್ದವು. ಕರ್ನಾಟಕವು 2021ರಲ್ಲಿ ಪೊಲೀಸ್ ಕಾಯಿದೆಗೆ ತಿದ್ದುಪಡಿ ತಂದು ಇಂಥವನ್ನು ನಿಷೇಧಿಸಿತು. 2022ರ ಫೆಬ್ರವರಿಯಲ್ಲಿ ರಾಜ್ಯದ ಉಚ್ಚ ನ್ಯಾಯಾಲಯ ಆ ತಿದ್ದುಪಡಿಯ ಮುಖ್ಯಾಂಶಗಳನ್ನು ರದ್ದುಪಡಿಸಿತು. 2025ರ ಆಗಸ್ಟಿನಲ್ಲಿ ಸಂಸತ್ತು ಇಡೀ ದೇಶಕ್ಕೆ ಅನ್ವಯಿಸುವ ಕಾಯಿದೆಯನ್ನು ಅಂಗೀಕರಿಸಿತು. ಆ ತಿಂಗಳ 22ರಂದು ಅದಕ್ಕೆ ರಾಷ್ಟ್ರಪತಿಗಳ ಅಂಕಿತ ಬಿದ್ದಿತು. ಡ್ರೀಮ್ ಇಲೆವೆನ್ ಮೊದಲಾದ ಸಂಸ್ಥೆಗಳು ಹಣದ ಪಂದ್ಯಗಳನ್ನು ನಿಲ್ಲಿಸಿದವು. ಇವು ಅದೃಷ್ಟದ ಆಟಗಳಲ್ಲ, ಕೌಶಲದ ಆಟಗಳು ಎಂಬ ವಾದ ನ್ಯಾಯಾಲಯಗಳಲ್ಲಿ ಬಹುಕಾಲ ನಡೆದಿದೆ. ಕಾನೂನಿನ ಸೂಕ್ಷ್ಮವನ್ನು ಬಲ್ಲವರು ಅದನ್ನು ಬಗೆಹರಿಸಲಿ. ಭಾರತವನ್ನು ಓದಿದವನಿಗೆ ಮಾತ್ರ ಒಂದು ಪ್ರಶ್ನೆ ಏಳುತ್ತದೆ: ಶಕುನಿಯ ಕೈಯಲ್ಲಿಯೂ ಕೌಶಲವಿತ್ತು, ಅಷ್ಟರಿಂದ ಆ ಪಗಡೆ ಜೂಜಲ್ಲದೆ ಹೋಯಿತೆ?

ಕಾಯಿದೆಯು ಒಂದು ಬಾಗಿಲನ್ನು ಮುಚ್ಚಬಲ್ಲದು. ಸಂಜೆ ನಾಲ್ಕೂವರೆಗೆ ಗಂಟೆ ಬಾರಿಸಿದ ಮೇಲೆ ಹುಡುಗನು ಎಲ್ಲಿಗೆ ಹೋಗಬೇಕೆಂಬುದನ್ನು ಕಾಯಿದೆ ಹೇಳಲಾರದು. ಅದನ್ನು ಹೇಳಬೇಕಾದದ್ದು ಶಾಲೆ. ಇಲ್ಲಿಯೇ ನಮ್ಮ ಹೊಣೆ ಆರಂಭವಾಗುತ್ತದೆ. ನಮ್ಮ ಮೂರು ತಾಲೂಕುಗಳದು ಎರೆಭೂಮಿ. ತೊಗರಿಗೂ ಜೋಳಕ್ಕೂ ಆ ಮಣ್ಣು ಹೊನ್ನು. ಆಡುವ ಕಾಲಿಗೆ ಅದು ಮಳೆಗಾಲದಲ್ಲಿ ಅಂಟು, ಬೇಸಿಗೆಯಲ್ಲಿ ಬಿರುಕು. ಗರಸು ಹಾಕಿಸಿ, ನೀರು ಚಿಮುಕಿಸಿ, ರೋಲರ್ ಎಳೆಯಿಸದ ಹೊರತು ಎರೆಹೊಲ ಮೈದಾನವಾಗದು. ಕಟ್ಟಡಕ್ಕೆ ದಾನ ಕೊಡಲು ಮುಂದೆ ಬರುವ ಉದಾರಿಗಳು ನಮ್ಮಲ್ಲಿ ಕಡಿಮೆಯಿಲ್ಲ. ಕಟ್ಟಡದ ಮೇಲೆ ಶಿಲಾಫಲಕ ನಿಲ್ಲುತ್ತದೆ. ಮೈದಾನದ ಗರಸಿನ ಮೇಲೆ ಯಾರ ಹೆಸರನ್ನು ಕೆತ್ತುವುದು? ಆದುದರಿಂದಲೇ ಮೈದಾನಕ್ಕೆ ದಾನಿಗಳು ದೊರೆಯುವುದು ವಿರಳ. ಇತ್ತ ಅಧ್ಯಾಪಕರಾದ ನಾವು ಎಸ್.ಎಸ್.ಎಲ್.ಸಿ. ಪರೀಕ್ಷೆ ಸಮೀಪಿಸುತ್ತಿದ್ದಂತೆ ಮೊದಲು ಕಸಿದುಕೊಳ್ಳುವುದು ವ್ಯಾಯಾಮದ ಅವಧಿಯನ್ನು. ಗಣಿತಕ್ಕೆ, ವಿಜ್ಞಾನಕ್ಕೆ, ಹಲವು ಸಲ ಕನ್ನಡಕ್ಕೂ ಆ ಅವಧಿಯನ್ನು ದತ್ತು ಕೊಡುತ್ತೇವೆ. ಆಮೇಲೆ ಹುಡುಗರು ಮೊಬೈಲಿನಲ್ಲಿ ಕಲ್ಪನೆಯ ತಂಡ ಕಟ್ಟುತ್ತಾರೆಂದು ಸಿಡುಕುವುದು ಯಾವ ನ್ಯಾಯ?

ನಿಜವಾದ ಆಟಕ್ಕೆ ನಾಡಿನಲ್ಲಿ ಕಾಲ ಮುಗಿಯಿತೆಂದು ಯಾರೂ ನಿರಾಶರಾಗಬೇಕಾಗಿಲ್ಲ. 2023ರ ಮಾರ್ಚ್ 4ರಂದು ಸೌದಿ ಅರೇಬಿಯದ ರಿಯಾದ್ ನಗರದಲ್ಲಿ ಕರ್ನಾಟಕದ ತರುಣರು ಮೇಘಾಲಯವನ್ನು 3–2ರಿಂದ ಸೋಲಿಸಿ ಸಂತೋಷ್ ಟ್ರೋಫಿಯನ್ನು ಗೆದ್ದರು. 1968–69ರಲ್ಲಿ ಮೈಸೂರು ಎಂಬ ಹೆಸರಿನಲ್ಲಿ ಗೆದ್ದ ಮೇಲೆ 54 ವರ್ಷ ಕಾದು ಪಡೆದ ಜಯವದು. ಇಂಗ್ಲೆಂಡಿನ ಆಟಗಾರರ ಬೆಲೆಯನ್ನು ಬಾಯಿಪಾಠ ಒಪ್ಪಿಸುವ ನಮ್ಮ ತರುಣರಲ್ಲಿ ಆ ವಿಜೇತರ ಪೈಕಿ ಒಬ್ಬನ ಹೆಸರನ್ನು ಹೇಳಬಲ್ಲವರು ಎಷ್ಟು ಮಂದಿ? ಬೆಲೆ ಕಟ್ಟದವರನ್ನು ನೋಡುವ ಅಭ್ಯಾಸವೇ ತಪ್ಪಿಹೋಗುತ್ತಿರುವುದು ನನ್ನ ಮುಖ್ಯವಾದ ಚಿಂತೆ.

ಆದಕಾರಣ ಮೂರು ಸಲಹೆಗಳನ್ನು ಸವಿನಯವಾಗಿ ಮುಂದಿಡುತ್ತೇನೆ. ಮೊದಲನೆಯದು ಸಹೋದ್ಯೋಗಿಗಳಿಗೆ: ವ್ಯಾಯಾಮದ ಅವಧಿಯನ್ನು ಯಾವ ವಿಷಯಕ್ಕೂ ಬಿಟ್ಟುಕೊಡದಿರೋಣ, ಕನ್ನಡದ ಪಾಲಿಗೆ ಆ ಮಾತನ್ನು ನಾನು ಕೊಡುತ್ತೇನೆ. ಎರಡನೆಯದು ದಾನಿಗಳಿಗೆ: ಮುಂದಿನ ಕೊಠಡಿಗೆ ಮೊದಲು ಮೈದಾನಕ್ಕೆ ಗರಸು ಹಾಕಿಸಿಕೊಡಿರಿ. ಫಲಕಕ್ಕೆ ಬದಲಾಗಿ ಪ್ರತಿವರ್ಷದ ಸಂಚಿಕೆಯಲ್ಲಿ ಆ ಉಪಕಾರವನ್ನು ಸ್ಮರಿಸೋಣ. ಅದೇ ಪುಟಗಳಲ್ಲಿ ನಮ್ಮ ಆಟಗಾರರ ಕಥೆಗಳೂ ಬರಲಿ. ಗೆದ್ದ ಕಪ್ಪುಗಳ ಪಟ್ಟಿ ಹೇಗೂ ಅಚ್ಚಾಗುತ್ತದೆ. ತಾಲೂಕು ಪಂದ್ಯದಲ್ಲಿ ಕಾಲು ಉಳುಕಿದ ಎದುರಾಳಿಯನ್ನು ಹೊತ್ತು ತಂದ ಹುಡುಗಿಯ ಸಂಗತಿ, ತಾನು ಆಡುವ ಸರದಿಯನ್ನು ಕಿರಿಯನಿಗೆ ಬಿಟ್ಟುಕೊಟ್ಟ ಹುಡುಗನ ಸಂಗತಿ, ಇಂಥವು ಎಲ್ಲಾದರೂ ನಡೆದಿದ್ದರೆ ಅವೂ ಬರಹದಲ್ಲಿ ಉಳಿಯಲಿ.

ಮೂರನೆಯದು ದೂರದ ಊರುಗಳಲ್ಲಿರುವ ಹಳೆಯ ವಿದ್ಯಾರ್ಥಿಗಳಿಗೆ. ನಿಮ್ಮ ಕಲ್ಪನೆಯ ಲೀಗನ್ನು ಬಿಡಿರೆಂದು ನಾನು ಹೇಳಲಾರೆ. ಹಣವಿಲ್ಲದೆ, ಗೆಳೆತನಕ್ಕಾಗಿ ಆಡುವುದಾದರೆ ಆಡಿರಿ. ಅದಕ್ಕೆ ಒಂದೇ ಒಂದು ನಿಯಮವನ್ನು ಸೇರಿಸಿಕೊಳ್ಳಿರಿ: ಮೇ ತಿಂಗಳಲ್ಲಿ ಋತು ಮುಗಿದಾಗ ನಿಮ್ಮ ಪಟ್ಟಿಯಲ್ಲಿ ಎಲ್ಲರಿಗಿಂತ ಕೆಳಗೆ ನಿಂತವನು ಶಾಲೆಗೆ ಒಂದು ಫುಟ್ಬಾಲನ್ನು ಕೊಡಬೇಕು. ಜೂನ್ ತಿಂಗಳಲ್ಲಿ ಶಾಲೆ ನಡೆಯುತ್ತಿರುವಾಗ, ಅಂಚೆಯಲ್ಲಿ ಕಳುಹದೆ, ಅವನೇ ಬಂದು ತನ್ನ ಕೈಯಾರೆ ಕೊಟ್ಟು, ಒಂದು ಗಂಟೆ ಹುಡುಗರೊಡನೆ ಆಡಿ ಹೋಗಬೇಕು. ಸೋತವನಿಗೆ ಇದಕ್ಕಿಂತ ಹಿತವಾದ ದಂಡ ನನಗೆ ತೋಚದು. ಗೆದ್ದವರೂ ಜೊತೆಗೆ ಬರುವುದಾದರೆ ಶಾಲೆಯ ಬಾಗಿಲು ತೆರೆದಿರುತ್ತದೆ, ಎರಡು ಕಡೆಗೂ ಆಡಲು ಜನ ಸಾಕಾಗುತ್ತಾರೆ ಎಂದು ಅರಿಕೆ ಮಾಡಿಕೊಂಡು ವಿರಮಿಸುತ್ತೇನೆ.